ತಲೆ ಎತ್ತಿ ಓಡುವ ಹುಡುಗಿ

"ಬೂಟು ಬಿಡ್ರಿ ಮೊದಲ... ಭತ್ತದ ಮ್ಯಾಲೆ ಬೂಟು ಹಾಕ್ಕೊಂಡು ನಿಂತೀರಲ್ಲ!"

ಮಳೆಯ ಸದ್ದನ್ನೂ ಮೀರಿ ಬಂದ ಆ ದನಿಗೆ ಶೈಲಶ್ರೀ ನಿಂತಲ್ಲೇ ನಿಂತುಬಿಟ್ಟಳು.

ಇದೇ ಮನುಷ್ಯ ಅರ್ಧ ನಿಮಿಷದ ಹಿಂದೆ, ರಸ್ತೆಯ ಮೇಲೆ ತನ್ನ ಪಾಡಿಗೆ ತಾನು ಓಡುತ್ತಿದ್ದವಳನ್ನು ಎರಡೂ ಕೈ ಬೀಸಿ ಕರೆದಿದ್ದ. ಒಬ್ಬನೇ ಇದ್ದ. ರೈಸ್ ಮಿಲ್ಲಿನ ಸಿಮೆಂಟು ಅಂಗಳದ ತುಂಬ ಭತ್ತ ಹರವಿತ್ತು. ಹಮಾಲರು ಇನ್ನೂ ಬಂದಿರಲಿಲ್ಲ. ಮೇ ತಿಂಗಳ ಕೊನೆಯ ವಾರದ ಮಳೆ ಯಾರನ್ನೂ ಕೇಳದೆ ಬೆಳಗಿನ ಆರು ಗಂಟೆಗೇ ಧೋ ಎಂದು ಸುರಿಯತೊಡಗಿತ್ತು. ಪಾಪ ಎನಿಸಿ ಓಡಿ ಬಂದಳು. ಬಂದವಳಿಗೆ ಸಿಕ್ಕಿದ್ದು ಬೈಗುಳ!

'ಕರೆದವನೂ ಇವನೇ, ಬೈಯುವವನೂ ಇವನೇ... ಏನಂತ ತಿಳಿದುಕೊಂಡಿದ್ದಾನೆ ನನ್ನನ್ನು?'

ಸಿಟ್ಟಿಗೆ ಬಂದ ದಾರಿಯಲ್ಲೇ ತಿರುಗಿ ಹೋಗಬೇಕೆಂದುಕೊಂಡಳು. ಆದರೆ ಕಣ್ಣು ಕೆಳಗೆ ಹೋಯಿತು. ಬೂಟಿನ ಕೆಸರಿಗೆ ಕಾಳು ಮೆತ್ತಿಕೊಂಡಿತ್ತು. ಚಿಕ್ಕವಳಿದ್ದಾಗ ಕಣದೊಳಗೆ ಚಪ್ಪಲಿ ಮೆಟ್ಟಿಕೊಂಡು ಹೋಗಿ ಅಜ್ಜನ ಕೈಯಲ್ಲಿ ಪೆಟ್ಟು ತಿಂದವಳು ಅವಳು. ನೆನೆದ ಲೇಸು ಬಿಚ್ಚಲು ಬಾರದೆ ಬೂಟುಗಳನ್ನು ಹಾಗೇ ಕಿತ್ತು ರಸ್ತೆಯ ಕಡೆ ಎಸೆದಳು.

ಮುಂದಿನ ಹತ್ತು ನಿಮಿಷ ಇಬ್ಬರ ನಡುವೆ ಮಾತೇ ಇಲ್ಲ. ಅವನು ಹಲಗೆಯಿಂದ ಭತ್ತ ನೂಕಿ ನೂಕಿ ಗುಡ್ಡೆ ಮಾಡಿದ. ಅವಳು ತಾಡಪತ್ರಿಯ ಒಂದು ತುದಿ ಹಿಡಿದು ಎಳೆದಳು. ಗಾಳಿಗೆ ತಾಡಪತ್ರಿ ಅವಳನ್ನೇ ಎತ್ತಿಕೊಂಡು ಹೋಗುವಂತೆ ಉಬ್ಬಿತು. ಅವನು ಓಡಿ ಬಂದು ಅದರ ಮೇಲೆ ಬೋರಲು ಬಿದ್ದ. ಆ ಹೊತ್ತಿನಲ್ಲೂ ಅವಳಿಗೆ ನಗು ಬಂತು, ಬಂದ ನಗುವನ್ನು ನುಂಗಿಕೊಂಡು ಅಂಚಿಗೆ ಕಲ್ಲು ಹೇರಿದಳು.

ಎಲ್ಲ ಮುಗಿದ ಮೇಲೆ ಅವನು ಮುಖದ ನೀರು ಒರೆಸಿಕೊಂಡು ಗುಡ್ಡೆಯನ್ನೇ ನೋಡುತ್ತ ಹೇಳಿದ: "ಭತ್ತ ಉಳೀತು."

ಅಷ್ಟೇ. ಉಪಕಾರ ಆಯಿತು ಎಂಬ ಒಂದು ಮಾತಿಲ್ಲ, ಹೆಸರು ಕೇಳಲಿಲ್ಲ. ಶೈಲಶ್ರೀ ಬೂಟು ಹುಡುಕಿ ಮೆಟ್ಟಿಕೊಂಡು, ಹಿಂದಿರುಗಿ ನೋಡದೆ ಅಕ್ಕಿಆಲೂರಿನ ಕಡೆ ಓಡಿದಳು. ಮನೆ ಮುಟ್ಟುವವರೆಗೂ ಒಳಗೊಳಗೇ ಬೈದುಕೊಂಡೇ ಹೋದಳು.

ಈ ಹುಡುಗಿ ಮಳೆಯಲ್ಲಿ ಯಾಕೆ ಓಡುತ್ತಾಳೆ ಎಂದು ನೀವೂ ಕೇಳುತ್ತೀರಿ. ಊರಿಗೆ ಊರೇ ಕೇಳುತ್ತಿತ್ತು.

ಶೈಲಶ್ರೀಗೆ ಇಪ್ಪತ್ತೆಂಟು. ಹಾನಗಲ್ಲಿನ ಒಂದು ಲ್ಯಾಬಿನಲ್ಲಿ ಕೆಲಸ. ದಿನಕ್ಕೆ ನಲವತ್ತು ಐವತ್ತು ಜನರ ರಕ್ತ ತೆಗೆದು ಪರೀಕ್ಷೆ ಮಾಡುತ್ತಾಳೆ. ಅಪ್ಪ ಪರಮೇಶ್ವರಪ್ಪ ಅಕ್ಕಿಆಲೂರಿನ ಪೇಟೆಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟವರು, ಮಾತು ಕಡಿಮೆ, ಮಾನಕ್ಕೆ ಅಂಜುವವರು. ಅವ್ವ ಸರೋಜವ್ವ ಇಬ್ಬರ ಪಾಲಿನ ಮಾತನ್ನೂ ತಾನೇ ಆಡಿ ಮುಗಿಸುವಾಕೆ.

ಕಾಲೇಜಿನಲ್ಲಿ ಶೈಲಶ್ರೀ ಮೂರು ಸಾವಿರ ಮೀಟರ್ ಓಟದ ಸ್ಪರ್ಧೆಗೆಂದು ಧಾರವಾಡದವರೆಗೂ ಹೋಗಿ ಬಂದವಳು. ಆಮೇಲೆ ಯಾರೂ ಬೇಡ ಎನ್ನಲಿಲ್ಲ, ಯಾರೂ ಓಡು ಎಂದೂ ಅನ್ನಲಿಲ್ಲ. ಕಾಲೇಜು ಮುಗಿಯಿತು, ಓಟ ತಾನಾಗಿಯೇ ನಿಂತುಹೋಯಿತು. ಐದು ವರ್ಷ ಕಳೆದ ಮೇಲೆ ಒಂದು ದಿನ, ಬಸ್ಸು ತಪ್ಪುತ್ತದೆಂದು ನೂರು ಹೆಜ್ಜೆ ಓಡಿದ್ದಳು. ಸೀಟಿನಲ್ಲಿ ಕುಳಿತಾಗ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಯಾಕೋ ಕಣ್ಣಲ್ಲಿ ನೀರು ಬಂತು. ಮರುದಿನ ಬೆಳಗ್ಗೆ ಐದೂವರೆಗೆ ಎದ್ದು ಹಾನಗಲ್ ರಸ್ತೆ ಹಿಡಿದಳು. ಅದಾಗಿ ಎರಡು ವರ್ಷ.

ಬಿಸಿಲು ಇರುವ ದಿನ ಆ ರಸ್ತೆಯಲ್ಲಿ ವಾಕಿಂಗಿನವರು, ಹಾಲಿನವರು, ಹೊಲಕ್ಕೆ ಹೊರಟವರು. ಎಲ್ಲರಿಗೂ ಅವಳ ಮೇಲೆ ಕಣ್ಣು, ಎಲ್ಲರದೂ ಒಂದೇ ಪ್ರಶ್ನೆ. ಯಾವ ಪರೀಕ್ಷೆಗವ್ವ? ಪೊಲೀಸಿಗೇನು? ತೂಕ ಇಳಿಸಾಕೇನು? ಮಳೆ ಬಿದ್ದ ದಿನ ಈ ಮಂದಿಯೆಲ್ಲ ಹೊದ್ದು ಮಲಗುತ್ತಿದ್ದರು, ರಸ್ತೆ ಪೂರ್ತಿ ಅವಳದಾಗುತ್ತಿತ್ತು. ಮುಖಕ್ಕೆ ಹನಿ ಹೊಡೆಯುತ್ತಿದ್ದರೂ ತಲೆ ಎತ್ತಿ, ಎರಡೂ ಬದಿಯ ಗದ್ದೆ ನೋಡುತ್ತ ಓಡುತ್ತಿದ್ದಳು. ಅದಕ್ಕೇ ಅವಳಿಗೆ ಕೆಟ್ಟ ಹವೆ ಎಂದರೆ ಇಷ್ಟ. ಇದನ್ನು ಯಾರಿಗೆ ಹೇಳಿದರೂ ತಲೆ ಸರಿ ಇಲ್ಲ ಅನ್ನುತ್ತಾರೆಂದು ಯಾರಿಗೂ ಹೇಳಿರಲಿಲ್ಲ.

ಬೂಟಿನ ಪ್ರಸಂಗ ಆದ ನಾಲ್ಕನೆಯ ದಿನ ಮತ್ತೆ ಮಳೆ. ಮಿಲ್ಲಿನ ಎದುರು ರಸ್ತೆಯಲ್ಲಿ ನೀರು ನಿಂತಿತ್ತು. ಆ ನೀರಿನ ನಡುವೆ ಯಾರೋ ಒಂದು ಹಸಿರು ಟೊಂಗೆ ನೆಟ್ಟಿದ್ದರು. ಗುಂಡಿ ಇದೆ, ನೋಡಿಕೊಂಡು ಹೋಗು ಎಂದು ಹೇಳಲು ನಮ್ಮ ಕಡೆ ಹೀಗೆ ಟೊಂಗೆ ನೆಡುತ್ತಾರಲ್ಲ, ಹಾಗೆ. ಲಾರಿಗೆಂದು ನೆಟ್ಟಿರಬೇಕು ಎಂದುಕೊಂಡಳು. ಮುಂದೆ ಸಣ್ಣದೊಂದು ಗುಂಡಿಗೂ ಒಂದು ಟೊಂಗೆ ಇತ್ತು. ಲಾರಿಯ ಗಾಲಿಗೆ ಲೆಕ್ಕಕ್ಕೇ ಬಾರದ, ಓಡುವವರ ಕಾಲು ಮಾತ್ರ ಹೊರಳುವಂಥ ಗುಂಡಿ ಅದು.

ಅವಳು ಓಟ ನಿಧಾನ ಮಾಡಿದಳು. ಮಿಲ್ಲಿನ ತಗಡಿನ ಚಾವಣಿಯ ಕೆಳಗೆ ಅವನು ನಿಂತಿದ್ದ. ಮೈಯೆಲ್ಲ ತೌಡಿನ ಪುಡಿ.

"ಅವತ್ತ ಜೋರ್ ಮಾಡಿದ್ನಿ. ತಪ್ಪಾತ್ರಿ," ಎಂದ.

"ಭತ್ತ ಉಳೀತಲ್ಲ," ಎಂದಳು ಶೈಲಶ್ರೀ. ಅವನಿಗೆ ಆ ಕೊಂಕು ತಿಳಿಯಿತು, ನಕ್ಕ.

ಹೆಸರು ರುದ್ರೇಶ. ಶಿಗ್ಗಾವಿ ತಾಲ್ಲೂಕಿನ ಹುಲಗೂರಿನವನು. ಐಟಿಐ ಮುಗಿಸಿ ಮಿಲ್ಲಿನ ಮಷೀನು ನೋಡಿಕೊಳ್ಳಲು ಬಂದವನು ಮಿಲ್ಲಿನ ಖೋಲಿಯಲ್ಲೇ ಉಳಿದಿದ್ದ. ಊರಲ್ಲಿ ಅವ್ವ, ಎರಡೆಕರೆ ಹೊಲ. ಇಷ್ಟನ್ನು ತಿಳಿಯಲು ಅವಳಿಗೆ ಜೂನ್ ತಿಂಗಳು ಅರ್ಧ ಕಳೆಯಬೇಕಾಯಿತು. ಮಳೆ ಇದ್ದ ದಿನ ಎರಡು ನಿಮಿಷ ತಗಡಿನ ಕೆಳಗೆ ನಿಂತು ಉಸಿರು ತೆಗೆದುಕೊಳ್ಳುವುದು ರೂಢಿಯಾಯಿತು. ರಸ್ತೆಯಲ್ಲಿ ಹೊಸ ಗುಂಡಿ ಬಿದ್ದಂತೆಲ್ಲ ಹೊಸ ಟೊಂಗೆಗಳು ಹುಟ್ಟುತ್ತಿದ್ದವು. ಯಾರು ನೆಟ್ಟರು ಎಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಒಂದು ಸಂಗತಿ ಅವಳ ಮನಸ್ಸಿನಲ್ಲಿ ಕುಳಿತುಬಿಟ್ಟಿತು. ಅವನು ಒಮ್ಮೆಯೂ 'ಯಾಕ ಓಡ್ತೀರಿ?' ಎಂದು ಕೇಳಿರಲಿಲ್ಲ. 'ಇವತ್ತ ಎಲ್ಲೀತನ ಹೋಗಿದ್ರಿ?' ಎಂದಷ್ಟೇ ಕೇಳುತ್ತಿದ್ದ. ಹಳ್ಳದ ಸೇತುವೆಯ ತನಕ ಎಂದರೆ, "ನಿನ್ನೆಗಿಂತ ದೂರ ಆತು," ಎಂದು ಅವನೇ ಓಡಿ ಬಂದವನ ಹಾಗೆ ಖುಷಿಪಡುತ್ತಿದ್ದ.

ಅವಳಿಗೆ ಯಾವಾಗ ಏನಾಯಿತೋ ಅವಳಿಗೇ ಗೊತ್ತಿಲ್ಲ. ಮಳೆ ಬಾರದ ಬೆಳಗು ಬಂದರೆ ಮುಖ ಸಪ್ಪಗಾಗತೊಡಗಿತು. ಲ್ಯಾಬಿನಲ್ಲಿ ಜೊತೆಗೆ ಕೆಲಸ ಮಾಡುವ ಸವಣೂರಿನ ಗೌಹರ, ಹಾನಗಲ್ಲಿನಲ್ಲೇ ಖೋಲಿ ಹಿಡಿದಿದ್ದವಳು, ಒಂದು ದಿನ ಕಿಟಕಿಯ ಹೊರಗೆ ನೋಡಿ ಹೇಳಿದಳು, ಮಂದಿ ಬಟ್ಟೆ ಒಣಗಲಿಲ್ಲ ಅಂತ ಅಳುತ್ತಾರೆ, ನೀನು ಬಿಸಿಲು ಬಿತ್ತು ಅಂತ ಅಳುತ್ತೀ ಎಂದು. ಶೈಲಶ್ರೀ ಸಿರಿಂಜಿನ ಡಬ್ಬಿಯಲ್ಲಿ ಏನೋ ಹುಡುಕುವವಳ ಹಾಗೆ ತಲೆ ತಗ್ಗಿಸಿದಳು.

ಆಷಾಢ ಬಂತು. ಆಷಾಢದಲ್ಲಿ ಕನ್ಯೆ ನೋಡುವಂತಿಲ್ಲ, ಮಾತುಕತೆಯೂ ಇಲ್ಲ. ಆದರೆ ಒಳಗಿಂದೊಳಗೆ ವಿಚಾರಿಸುವುದಕ್ಕೆ ಯಾವ ತಿಂಗಳೂ ಅಡ್ಡ ಬರುವುದಿಲ್ಲ! ದೂರದ ಸಂಬಂಧದ ಮಾವನೊಬ್ಬ ಹಿರೇಕೆರೂರಿನ ಮನೆತನವೊಂದನ್ನು ತೋರಿಸಿದ್ದ. ಹುಡುಗ ಹೈಸ್ಕೂಲ್ ಮಾಸ್ತರ. ಒಳ್ಳೆಯ ಮನೆ, ಕಡಿಮೆ ಮಂದಿ. ಶ್ರಾವಣ ಹುಟ್ಟಿದ ಕೂಡಲೇ ಬರುತ್ತಾರೆಂದು ಸರೋಜವ್ವ ಅವಲಕ್ಕಿಗೆ ಯಾವ ಅಂಗಡಿಯ ಶೇಂಗಾ ಎಂಬುದನ್ನೂ ಗೊತ್ತು ಮಾಡಿಕೊಂಡಳು.

ಶೈಲಶ್ರೀ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಮರುದಿನ ಮಳೆಯಲ್ಲಿ ತಗಡಿನ ಕೆಳಗೆ ನಿಂತಾಗ ಕಣ್ಣನ್ನು ಬೇರೆಲ್ಲೋ ಇಟ್ಟು ಸುಮ್ಮನೆ ಹೇಳಿದ ಹಾಗೆ ಹೇಳಿದಳು.

"ಹಿರೇಕೆರೂರಿಂದ ನನ್ನ ನೋಡಾಕ ಬರ್ತಾರಂತ."

ರುದ್ರೇಶ ತೋಳಿನ ಮೇಲಿನ ತೌಡು ಕೊಡವಿದ. ತಗಡಿನ ಮೇಲೆ ಮಳೆ ಬೀಳುವ ಸದ್ದು ಅಷ್ಟೇ. ಅವಳ ಎದೆ ಎರಡು ಮೈಲು ಓಡಿದ್ದಕ್ಕಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು.

'ಏನಾದರೂ ಹೇಳು... ಬೇಡ ಅನ್ನು. ಯಾಕೆ ಅನ್ನು. ಯಾವಾಗ ಅಂತಾದರೂ ಕೇಳು...'

"ಚಲೋ ಆತಲ್ರಿ," ಎಂದ ರುದ್ರೇಶ.

ಅವಳು ಆ ದಿನ ಸೇತುವೆಯವರೆಗೆ ಹೋಗಲೇ ಇಲ್ಲ. ಅಲ್ಲಿಂದಲೇ ತಿರುಗಿದಳು. ಮಳೆಯಲ್ಲಿ ಅತ್ತರೆ ಯಾರಿಗೂ ತಿಳಿಯುವುದಿಲ್ಲ ಎಂಬ ಅನುಕೂಲ ಅವಳಿಗೆ ಅಂದು ಗೊತ್ತಾಯಿತು.

ಶ್ರಾವಣ ಹುಟ್ಟಿತು. ಮೊದಲ ಸೋಮವಾರ ಕಳೆಯಿತು, ಎರಡನೆಯದೂ ಕಳೆಯಿತು. ಹಿರೇಕೆರೂರಿನಿಂದ ಯಾರೂ ಬರಲಿಲ್ಲ. ಕೊನೆಗೆ ಆ ದೂರದ ಮಾವ ಫೋನು ಮಾಡಿ, ಸರೋಜವ್ವನಿಗೆ ಸಂಗತಿ ತಿಳಿಸಿದ. ಹುಡುಗನ ಕಾಕಾ ಮಹಾಲಿಂಗಪ್ಪ ಆಷಾಢದಲ್ಲೇ ಅಕ್ಕಿಆಲೂರಿಗೆ ಬಂದು ಹೋಗಿದ್ದನಂತೆ. ಊರಿನವರನ್ನು ಕೇಳಿದರೆ ಊರಿನ ಹುಡುಗಿಯ ಬಗ್ಗೆ ಎಲ್ಲರೂ ಒಳ್ಳೆಯದನ್ನೇ ಹೇಳುತ್ತಾರೆ, ಹೊರಗಿನವನನ್ನು ಕೇಳಬೇಕು ಎಂದು ಮಿಲ್ಲಿಗೆ ಹೋಗಿ ಅಲ್ಲಿಯ ಮಷೀನಿನವನನ್ನು ಕೇಳಿದ್ದನಂತೆ. ಅವನು ಹೇಳಿದ್ದನ್ನು ಕೇಳಿದ ಮೇಲೆ ಆ ಮನೆತನದವರು ಬೇಡವೆಂದರಂತೆ.

ಈಗ ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಕನ್ಯೆಯ ಬಗ್ಗೆ ಯಾರಾದರೂ ವಿಚಾರಿಸಿದರೆ ಹೇಳಬೇಕಾದ ಉತ್ತರ ಮೊದಲೇ ಗೊತ್ತುಮಾಡಿ ಇಟ್ಟಂತಿರುತ್ತದೆ. 'ಭಾಳ ಚಲೋ ಹುಡುಗಿರಿ, ತಲಿ ಎತ್ತಿ ನೋಡಂಗಿಲ್ಲ.' ಹುಡುಗಿ ಗಟ್ಟಿಗಿತ್ತಿಯೇ ಇರಲಿ, ದಿನಾ ಬೀದಿಯಲ್ಲಿ ಜಗಳವಾಡುವವಳೇ ಇರಲಿ, ಮಾತು ಅದೇ. ಕೇಳುವವನಿಗೂ ಗೊತ್ತು, ಹೇಳುವವನಿಗೂ ಗೊತ್ತು. ಲಗ್ನಗಳು ಹೀಗೇ ಆಗುತ್ತವೆ. ಆ ಒಂದು ಮಾತು ರುದ್ರೇಶನ ಬಾಯಿಂದ ಬಂದಿರಲಿಲ್ಲ.

ಸರೋಜವ್ವ ಅತ್ತಳು, ಬೈದಳು, ಮಲಗಿದಳು. ಪರಮೇಶ್ವರಪ್ಪ ಅಂಗಡಿಯಿಂದ ಬಂದು ಕೈಕಾಲು ತೊಳೆದುಕೊಂಡು, ಮಗಳ ಕಡೆ ನೋಡದೆ ಹೇಳಿದರು. ನಾಳೆಯಿಂದ ಓಡಲು ಹೋಗಬೇಡ, ಮಂದಿಯ ಬಾಯಿಗೆ ಆಹಾರ ಆಗುವುದು ಸಾಕು ಎಂದು. ದನಿ ಏರಿಸಲಿಲ್ಲ. ಏರಿಸಿದ್ದರೆ ಅವಳು ಜಗಳವಾಡುತ್ತಿದ್ದಳೋ ಏನೋ.

"ಆತಪ್ಪ," ಎಂದಳು.

ಆದರೆ ಮರುದಿನ ಒಂದೇ ಒಂದು ಸಲ ಹೋದಳು. ಓಡಲಿಲ್ಲ. ಛತ್ರಿ ಹಿಡಿದು, ನಡೆದು ಹೋದಳು. ರುದ್ರೇಶ ಅವಳ ಕೈಯಲ್ಲಿಯ ಛತ್ರಿ ನೋಡಿಯೇ ಏನೋ ಆಗಿದೆ ಎಂದು ತಿಳಿದುಕೊಂಡ.

"ಮಹಾಲಿಂಗಪ್ಪ ಅನ್ನಾವ್ರು ಬಂದಿದ್ರೇನು ಇಲ್ಲಿ?"

"ಬಂದಿದ್ರು."

"ನನ್ನ ಬಗ್ಗೆ ಏನ್ ಹೇಳಿದ್ರಿ?"

"ಇದ್ದದ್ದು ಹೇಳೇನ್ರಿ. ಎಂಥಾ ಮಳಿ ಇದ್ರೂ ಬಿಡಂಗಿಲ್ಲ, ತಲಿ ಎತ್ತಿ ಓಡ್ತಾಳ ಅಂತ."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಲೆ ಎತ್ತಿ ಓಡುತ್ತಾಳಂತೆ! ಕನ್ಯೆ ವಿಚಾರಿಸಲು ಬಂದವರ ಮುಂದೆ!

"ತಲಿ ಎತ್ತಿ ನೋಡಂಗಿಲ್ಲ ಅನ್ನಾಕ ನಿಮಗೇನಾಗಿತ್ತು? ಎಲ್ಲಾರೂ ಹೇಳ್ತಾರಲ್ಲ."

"ಅದು ಸುಳ್ಳಾಗ್ತಿತ್ತಲ್ರಿ."

"ನಿಮ್ಮ ಖರೇ ಮಾತಿನಿಂದ ನಮ್ಮವ್ವ ಸರಿಯಾಗಿ ಉಂಡಿಲ್ಲ. ನನ್ನ ಓಟ ನಿಂತೈತಿ." ಅವಳು ಛತ್ರಿಯನ್ನು ಪಕ್ಕಕ್ಕೆ ಇಳಿಸಿದಳು. "ನಿಮಗ ಹೇಳಾಕ ಬರೂದು ಅದೊಂದ ಏನು? ಹೇಳಬೇಕಾದಲ್ಲಿ ಬಾಯಿ ಇಲ್ಲ, ಬ್ಯಾಡಾದಲ್ಲಿ ಖರೇ ಹೇಳ್ತೀರಿ."

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಬೇಡ ಎಂದು ಕೈ ಅಡ್ಡ ಹಿಡಿದು ಹೊರಟೇಬಿಟ್ಟಳು. ಛತ್ರಿ ಇದ್ದೂ ಪೂರ್ತಿ ನೆನೆದು ಮನೆ ಸೇರಿದಳು.

ಹನ್ನೆರಡು ದಿನ.

ಹನ್ನೆರಡು ದಿನ ಅವಳು ಓಡಲಿಲ್ಲ. ಎಚ್ಚರ ಮಾತ್ರ ಐದೂವರೆಗೆ ಆಗುತ್ತಿತ್ತು. ಹಾಸಿಗೆಯಲ್ಲಿ ಮಲಗಿ ಹೊರಗಿನ ಮಳೆ ಕೇಳುತ್ತಿದ್ದಳು. ಇದು ಜಿಟಿಜಿಟಿ, ಇದು ಗಾಳಿಮಳೆ, ಇದು ಸೇತುವೆಯ ಹತ್ತಿರ ಕಾಲು ಜಾರಿಸುವ ಮಳೆ ಎಂದು ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಕಾಲುಗಳು ಹೊದಿಕೆಯೊಳಗೆ ತಾವೇ ಅಲುಗುತ್ತಿದ್ದವು.

ಓಡದೇ ಇದ್ದರೆ ಏನಾಗುತ್ತದೆ? ಏನೂ ಆಗುವುದಿಲ್ಲ, ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು. ಬಸ್ಸು ಬರುತ್ತದೆ, ಲ್ಯಾಬು ತೆರೆಯುತ್ತದೆ, ರಾತ್ರಿ ರೊಟ್ಟಿ ಆಗುತ್ತದೆ. ಕಾಲೇಜು ಮುಗಿದಾಗಲೂ ಹೀಗೆಯೇ ಯಾರಿಗೂ ತಿಳಿಯದಂತೆ ನಿಂತುಹೋಗಿತ್ತು. ಈ ಸಲ ನಿಂತರೆ ಮತ್ತೆ ಹುಟ್ಟಲಿಕ್ಕಿಲ್ಲ ಎಂದು ಅವಳಿಗೆ ಅನ್ನಿಸಿತು.

ಗೌಹರ ಎಲ್ಲ ಕೇಳಿ ಒಂದು ಪ್ರಶ್ನೆ ಹಾಕಿದಳು.

"ಒಂದ್ ಹೇಳ್. ಆ ಮಾಸ್ತರ ಬೇಕಾಗಿದ್ನೇನು ನಿನಗ?"

"ಇಲ್ಲ."

"ಹಂಗಾದ್ರ ಇವನ ಮ್ಯಾಲೆ ಯಾಕ ಸಿಟ್ಟು? ಬ್ಯಾಡಾದ್ದು ತಪ್ಪಿಸ್ಯಾನ."

ಶೈಲಶ್ರೀ ಮುಂದಿನ ಸ್ಯಾಂಪಲ್ಲಿಗೆ ಚೀಟಿ ಅಂಟಿಸಿದಳು. ಉತ್ತರ ಗೊತ್ತಿತ್ತು, ಹೇಳಲು ನಾಚಿಕೆಯಾಯಿತು.

ಹದಿಮೂರನೆಯ ದಿನ ಭಾನುವಾರ. ಪರಮೇಶ್ವರಪ್ಪ ಮಧ್ಯಾಹ್ನ ಊಟ ಮಾಡಿ, ಅಂಗಿ ಹಾಕಿಕೊಂಡು ಮಾತಾಡದೆ ಎಲ್ಲಿಗೋ ಹೋದರು. ಮರಳಿ ಬಂದಾಗ ಸಂಜೆ ಐದು ಗಂಟೆ. ಧೋತರದ ಅಂಚಿಗೆ ತೌಡು ಮೆತ್ತಿತ್ತು. ಮಿಲ್ಲಿಗೆ ಹೋಗಿದ್ದರೆಂದು ಯಾರೂ ಹೇಳಬೇಕಾಗಲಿಲ್ಲ. ಸರೋಜವ್ವ ಚಹಾ ತಂದುಕೊಟ್ಟು, ಸರಿಯಾಗಿ ಬೈದು ಬಂದಿರೋ ಇಲ್ಲವೋ ಎಂದು ಕೇಳಿದಳು. ಅವರು ಚಹಾ ಕುಡಿದು ಮುಗಿಸಿ ಮಗಳನ್ನು ಹತ್ತಿರ ಕರೆದರು.

"ಬೈಯಾಕ ಹೋಗಿದ್ದೆ," ಎಂದರು. "ಆ ಮಹಾಲಿಂಗಪ್ಪ ಇನ್ನೊಂದು ಕೇಳಿದ್ನಂತ. ಲಗ್ನ ಆದಮ್ಯಾಲ ಬಿಡು ಅಂದ್ರ ಆಕಿ ಓಡೂದು ಬಿಡ್ತಾಳೇನು ಅಂತ."

ರುದ್ರೇಶ ಕೊಟ್ಟ ಉತ್ತರವನ್ನು ಅವರು ಹಾಗೇ ಹೇಳಿದರು.

"ಬಿಡ್ತಾಳ್ರಿ, ಮನಿಯವ್ರು ಅಂದ್ರ ಆಕಿಗೆ ಜೀವ, ಹೇಳಿದ್ರ ಬಿಡ್ತಾಳ... ಆದ್ರ ನೀವು ಬಿಡ್ಸಬ್ಯಾಡ್ರಿ. ಹಂಗ ಅಂದನಂತ ಆ ಹುಡುಗ." ಪರಮೇಶ್ವರಪ್ಪ ಖಾಲಿ ಬಟ್ಟಲನ್ನು ಕೈಯಲ್ಲೇ ತಿರುಗಿಸಿದರು. "ನಾ ಒಂದ ಮಾತು ಹೇಳಿದ್ದೆ, ನೀ ಬಿಟ್ಟಿ. ಹೊರಗಿನವಗ ತಿಳಿದದ್ದು ನನಗ ತಿಳೀಲಿಲ್ಲ ನೋಡವ್ವ."

ಅವಳು ಅಪ್ಪನ ಕಾಲ ಬಳಿ ಕುಳಿತುಬಿಟ್ಟಳು. ಸರೋಜವ್ವನ ಬಾಯಿ ಕಟ್ಟಿತ್ತು. ಅವಳ ಜೀವಮಾನದಲ್ಲಿ ಹಾಗೆ ಆದದ್ದು ಕಡಿಮೆ.

"ನಾಳಿ ಹೋಗು," ಎಂದರು ಪರಮೇಶ್ವರಪ್ಪ. ನಾಳೆಯೂ ಮಳೆ ಇದೆಯಂತೆ ಎಂದು ಸರೋಜವ್ವ ಸಣ್ಣಗೆ ಗೊಣಗಿದಾಗ, ಇದ್ದರೆ ಇರಲಿ ಎಂದು ಎದ್ದು ಒಳಗೆ ಹೋದರು.

ಮರುದಿನದ್ದು ಅಂಥಿಂಥ ಮಳೆಯಲ್ಲ. ಗಾಳಿಗೆ ಅಡ್ಡಡ್ಡ ಬೀಳುತ್ತಿತ್ತು. ಗದ್ದೆಗಳು ಬದು ಕಾಣದಂತೆ ತುಂಬಿದ್ದವು, ರಸ್ತೆಯ ಒಂದು ಬದಿಯಲ್ಲಿ ನೀರು ಕಾಲುವೆಯಾಗಿ ಹರಿಯುತ್ತಿತ್ತು. ಹದಿಮೂರು ದಿನ ಬಿಟ್ಟ ಕಾಲುಗಳು ಮೊದಲ ಅರ್ಧ ಮೈಲು ಮಾತು ಕೇಳಲಿಲ್ಲ. ಆಮೇಲೆ ಉಸಿರು ದಾರಿಗೆ ಬಂತು. ಮುಖಕ್ಕೆ ಹನಿ ರಪರಪ ಹೊಡೆಯುತ್ತಿದ್ದರೂ ಶೈಲಶ್ರೀ ತಲೆ ತಗ್ಗಿಸಲಿಲ್ಲ.

ಮಿಲ್ಲು ಬಂತು. ತಗಡಿನ ಕೆಳಗೆ ರುದ್ರೇಶ ನಿಂತಿದ್ದ. ಅವಳನ್ನು ಕಂಡು ಒಂದು ಹೆಜ್ಜೆ ಮುಂದೆ ಬಂದು ಅಲ್ಲೇ ನಿಂತ.

ಅವಳು ನಿಲ್ಲಲಿಲ್ಲ.

ನಿಲ್ಲಬಾರದು ಎಂದು ಮನೆಯಿಂದ ಗೊತ್ತು ಮಾಡಿಕೊಂಡು ಬಂದಿರಲಿಲ್ಲ. ಅವನು ಹಾಗೆ ನಿಂತದ್ದನ್ನು ಕಂಡ ಮೇಲೆ ಕಾಲುಗಳೇ ನಿಲ್ಲಲು ಒಪ್ಪಲಿಲ್ಲ. ಇಷ್ಟು ದಿನ ಓಡಿ ಬಂದವಳು ಅವಳು, ತಗಡಿನ ಕೆಳಗೆ ನಿಂತು ಕಾದವನು ಅವನು. ಮಾತು ಮೊದಲು ಎತ್ತಿದ್ದೂ ಅವಳೇ. ಚಲೋ ಆತಲ್ರಿ ಎಂದು ಅವನು ನಿಂತಲ್ಲೇ ನಿಂತಿದ್ದ.

'ನಾನು ಇನ್ನೂ ಎಷ್ಟು ಸಲ ನಿಲ್ಲಲಿ? ಒಂದು ಸಲ... ಒಂದೇ ಒಂದು ಸಲ ಅವನೇ ಬರಲಿ.'

ಮಿಲ್ಲು ಹಿಂದೆ ಬಿತ್ತು. ಐವತ್ತು ಹೆಜ್ಜೆ. ನೂರು ಹೆಜ್ಜೆ. ಹಿಂದೆ ಮಳೆ ಬಿಟ್ಟರೆ ಬೇರೆ ಸದ್ದಿಲ್ಲ. ಕಣ್ಣೊಳಗಿನ ನೀರು ಮಳೆಯದೋ ತನ್ನದೋ ಎಂದು ನೋಡಲೂ ಹೋಗಲಿಲ್ಲ, ಓಡಿದಳು.

ಆಗ ಕೇಳಿಸಿತು. ಪಚ್ ಪಚ್ ಎಂದು ನೀರು ತುಳಿಯುವ ಸದ್ದು. ತಾಳವಿಲ್ಲ, ಲಯವಿಲ್ಲ, ಹುಟ್ಟಿದಂದಿನಿಂದ ಓಡಿಯೇ ಇಲ್ಲದವರು ಓಡಿದರೆ ಬರುವ ಸದ್ದು ಅದು. ಪಾಪ, ಅವನಾದರೂ ಏನು ಮಾಡಬೇಕು? ಹೆಣ್ಣುಮಗಳ ಹೆಸರು ಹಿಡಿದು ರಸ್ತೆಯಲ್ಲಿ ಕೂಗಲು ಬರುತ್ತದೆಯೇ? ಅವಳ ಮಾನ ಉಳಿಯಬೇಕು, ಅವಳೂ ಸಿಗಬೇಕು ಎಂದರೆ ಓಡುವುದೊಂದೇ ದಾರಿ.

ಶೈಲಶ್ರೀ ವೇಗ ಕಡಿಮೆ ಮಾಡಲಿಲ್ಲ. ಹೆಚ್ಚೂ ಮಾಡಲಿಲ್ಲ. ತುಟಿಯನ್ನು ಹಲ್ಲಿನಿಂದ ಕಚ್ಚಿಕೊಂಡು ಒಂದೇ ಸಮನೆ ಓಡಿದಳು. ಹಿಂದಿನ ಸದ್ದು ಒಮ್ಮೆ ದೂರವಾಯಿತು, ಒಮ್ಮೆ ಧೊಪ್ಪೆಂದು ಬಿದ್ದಂತಾಯಿತು, ಮತ್ತೆ ಎದ್ದು ಬಂತು. ಸೇತುವೆಯ ಹತ್ತಿರ ಬಂದಾಗ ಅವಳಿಗೇ ತಡೆಯಲಾಗಲಿಲ್ಲ. ನಿಂತು ಹಿಂದಕ್ಕೆ ತಿರುಗಿದಳು.

ರುದ್ರೇಶ ಇಪ್ಪತ್ತು ಮಾರು ದೂರದಲ್ಲಿದ್ದ. ಪ್ಯಾಂಟು ಮೊಣಕಾಲಲ್ಲಿ ಹರಿದಿತ್ತು, ತೊಡೆಯವರೆಗೆ ಕೆಸರು. ಮೈಯ ಮೇಲಿನ ತೌಡು ನೆನೆದು ಗಂಜಿಯಾಗಿ ಇಳಿಯುತ್ತಿತ್ತು. ಅವಳ ಮುಂದೆ ಬಂದು ಎರಡೂ ಮೊಣಕಾಲ ಮೇಲೆ ಕೈಯಿಟ್ಟು ಬಾಗಿದ. ಕೈಯೆತ್ತಿ, ಒಂದು ನಿಮಿಷ ಎಂದು ಸನ್ನೆ ಮಾಡಿದ.

ಅವಳು ಕಾದಳು. ಸೇತುವೆಯ ಕೆಳಗೆ ಹಳ್ಳ ಕೆಂಪಗೆ ಹರಿಯುತ್ತಿತ್ತು.

"ನಿಮ್ಮಪ್ಪಗ... ಅರ್ಧ ಹೇಳೇನ್ರಿ," ಎಂದ ಕೊನೆಗೂ. "ಇನ್ನರ್ಧ ಹೇಳಿಲ್ಲ."

"ಏನದು?"

"ಬಿಡ್ಸಬ್ಯಾಡ್ರಿ ಅಂದ್ನಲ್ಲ... ಹಂಗಂದ್ರ ಅವರು ಬ್ಯಾಡ ಅಂತ ಹೋಗ್ತಾರ, ಅದು ಗೊತ್ತಿತ್ತು ನನಗ. ಗೊತ್ತಿದ್ದ ಅಂದೆ. ನಿಮ್ಮ ಓಟ ಉಳೀಲಿ ಅನ್ನೂದೂ ಇತ್ತು, ನೀವು ಆ ಊರಿಗೆ ಹೋಗಬ್ಯಾಡ್ರಿ ಅನ್ನೂದೂ ಇತ್ತು. ಅದು ನನ್ನ ಸ್ವಾರ್ಥ. ನಿಮ್ಮ ಮನಿಯವ್ರಿಗೆ ನೋವಾತು, ತಪ್ಪು ನಂದ." ಅವನು ನೆಟ್ಟಗೆ ನಿಂತ. "ಬೈಯ್ರಿ. ಬೈಸ್ಕೊಳ್ಳಾಕ ಓಡಿ ಬಂದೀನಿ."

ಶೈಲಶ್ರೀ ಅವನ ಮುಖವನ್ನೇ ನೋಡಿದಳು. ಗೌಹರಳಿಗೆ ಕೊಡದ ಉತ್ತರ ಈಗ ತಾನಾಗಿಯೇ ಬಂತು.

"ಅದಕ್ಕ ಸಿಟ್ಟಿಲ್ಲ ನನಗ," ಎಂದಳು. "ಅವತ್ತ ಚಲೋ ಆತಲ್ರಿ ಅಂದ್ರಲ್ಲ... ಅದಕ್ಕ ಸಿಟ್ಟು. ನಾ ಅಷ್ಟ್ ದೂರ ಓಡಿ ಬಂದು ಹೇಳಿದ್ದು ಅದನ್ನ ಕೇಳಾಕೇನು?"

ರುದ್ರೇಶ ಅಂಗೈಯಿಂದ ಮುಖ ಒರೆಸಿಕೊಂಡ. ಅವನ ಕಣ್ಣು ಕೆಂಪಾಗಿತ್ತು.

"ಧೈರ್ಯ ಸಾಲ್ಲಿಲ್ರಿ," ಎಂದ. "ಮಿಲ್ಲಿನ ಖೋಲಿಯಾಗ ಇರಾಂವ ನಾ. ಎರಡೆಕರೆ ಹೊಲ. ಏನಂತ ಕೇಳ್ಲಿ ಅನಿಸ್ತು. ನೀವು ಹೋದ್ಮ್ಯಾಲ ಆ ದಿನಾ ಮಷೀನು ಚಾಲೂ ಮಾಡೂದ ಮರ್ತು ಕುಂತಿದ್ದೆ."

"ಈಗ ಧೈರ್ಯ ಬಂತೇನು?"

"ಹದಿಮೂರು ದಿನ ಈ ರಸ್ತಾದಾಗ ನೀವು ಬರ್ಲಿಲ್ಲ. ಧೈರ್ಯ ಇಲ್ದ ಇದ್ರೂ ಕೇಳಬೇಕು ಅನ್ನಿಸ್ತು." ಅವನು ಒಮ್ಮೆ ಉಸಿರೆಳೆದುಕೊಂಡ. "ನನಗ ನೀವು ಬೇಕ್ರಿ. ಹಿಂಗ ಓಡೂ ನೀವ ಬೇಕು. ನೀವು ಹೂಂ ಅಂದ್ರ ಹುಲಗೂರಿಂದ ನಮ್ಮವ್ವನ್ನ ಕರಕೊಂಡು ನಿಮ್ಮ ಮನಿಗೆ ಬರ್ತೇನಿ."

ಎಷ್ಟು ದಿನದಿಂದ ಕಾದ ಮಾತು! ಬೇರೆ ಯಾರಾದರೂ ಆಗಿದ್ದರೆ, ಲಗ್ನ ಆದ ಮೇಲೂ ಓಡಲು ಬಿಡುತ್ತೇನೆ ಎಂದು ದೊಡ್ಡ ಮನಸ್ಸು ತೋರಿಸುತ್ತಿದ್ದರು. ಇವನಿಗೆ ಬಿಡುವ, ಹಿಡಿಯುವ ಮಾತೇ ತೋಚಿರಲಿಲ್ಲ. ಅದು ಅವಳ ಮನಸ್ಸಿಗೆ ಬಹಳ ಆಳಕ್ಕೆ ಹೋಯಿತು.

"ಶ್ರಾವಣ ಇನ್ನೂ ಒಂದು ವಾರ ಐತಿ," ಎಂದಳು ಮೆಲ್ಲಗೆ. "ಅಷ್ಟರಾಗ ಬರ್ರಿ. ನಮ್ಮಪ್ಪ ಏನೂ ಅನ್ನಂಗಿಲ್ಲ. ಅವ್ವ ಮಾತ್ರ ಎರಡು ತಾಸು ಬೈತಾಳ."

"ಕುಂತು ಕೇಳ್ತೇನಿ," ಎಂದ ರುದ್ರೇಶ. ಅಷ್ಟರಲ್ಲಿ ಅವನ ಮೊಣಕಾಲಿನ ಗಾಯ ಅವಳ ಕಣ್ಣಿಗೆ ಬಿತ್ತು. ದಿನಾ ಊರವರ ರಕ್ತ ನೋಡುವವಳಿಗೆ ಈ ನಾಲ್ಕು ಹನಿ ನೋಡಿ ಜೀವ ಚುರ್ ಎಂದಿತು. ಕೊರಳಿನ ಕರವಸ್ತ್ರ ಬಿಚ್ಚಿ ಬಗ್ಗಿ ಕಟ್ಟಿದಳು. ಅವನು ಬೇಡ ಬೇಡ ಎನ್ನುತ್ತ ಅಲುಗಾಡದೆ ನಿಂತ.

ಮಳೆ ಕಡಿಮೆಯಾಗುವ ಲಕ್ಷಣವಿರಲಿಲ್ಲ. ಊರಿನ ಕಡೆ ಮರಳಿ ಹೋಗಬೇಕಿತ್ತು, ಎಂಟು ಗಂಟೆಗೆ ಅವಳಿಗೆ ಬಸ್ಸು.

"ನೀವು ಓಡ್ರಿ," ಎಂದ ಅವನು. "ನಾ ಹಿಂದ ಬರ್ತೇನಿ."

"ಹಿಂದ ಬ್ಯಾಡ. ಬಾಜೂಕ ಬರ್ರಿ."

"ಹಂಗಾದ್ರ ನೀವು ಸಾವಕಾಶ ಓಡಬೇಕಾಗ್ತೈತಿ."

"ಓಡ್ತೇನಿ," ಎಂದಳು ಶೈಲಶ್ರೀ. ಮಳೆಯಲ್ಲಿ ಅವಳ ನಗು ಅವನಿಗೆ ಸ್ಪಷ್ಟವಾಗಿ ಕಾಣಿಸಿತು. "ಇವತ್ತೊಂದ ದಿನ. ನಾಳಿಂದ ನೀವು ಜೋರ್ ಓಡಬೇಕು."